ಲಗ್ಗೆ ಇಡಲು ಬಂದವರು ಬ್ರೇಕ್ ಹಾಕುವುದು ಎಲ್ಲಿ?

(ಇದೊಂದು ಚರ್ಚೆ. ಪ್ರತಿ ಬರಹದ ಮೇಲಿರುವುದು ಅದನ್ನು ಬರೆದವರ ಅಡ್ಡಹೆಸರು.)

ಮೂರನೇ ಅಧ್ಯಾಯ

ಅನ್ಯಗ್ರಹದವರು ಭೂಮಿಗೆ ಲಗ್ಗೆ ಇಡುವ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಎರಡು ಅಧ್ಯಾಯ ಸಲೀಸಾಗಿ ಬಂದವು. ಮೂರನೆಯದರಲ್ಲಿ ನೌಕೆ ಬರಬೇಕು. "ಬೆಳಗ್ಗೆ ಎದ್ದು ನೋಡಿದರೆ ಆಕಾಶದಲ್ಲಿ ದೊಡ್ಡದೊಂದು ನೌಕೆ ನಿಂತಿತ್ತು" ಅಂತ ಬರೆದೆ. ಆ ವಾಕ್ಯವನ್ನು ಎರಡು ಸಲ ಓದಿಕೊಂಡೆ. ಮುಂದೆ ಹೋಗಲು ಆಗಲಿಲ್ಲ. ನಿಂತಿತ್ತು ಅಂದರೆ ಹೇಗೆ ನಿಂತಿತು? ಅಷ್ಟು ದೂರದಿಂದ ಬಂದದ್ದು ವೇಗ ಕಡಿಮೆ ಮಾಡಿದ್ದು ಎಲ್ಲಿ? ಅಲ್ಲಿಯವರೆಗೆ ಯಾರ ಕಣ್ಣಿಗೂ ಯಾಕೆ ಬೀಳಲಿಲ್ಲ?

ನನ್ನ ಕಪಾಟಿನಲ್ಲಿ ಎರಡು ಬಗೆಯ ಪುಸ್ತಕಗಳು ಬೇರೆ ಬೇರೆ ಸಾಲಿನಲ್ಲಿವೆ. ಒಂದು ಸಾಲು ದಾಳಿಯ ಕಾದಂಬರಿಗಳದ್ದು. ಅವುಗಳಲ್ಲಿ ನೌಕೆ ಸುಮ್ನೆ ಬಂದುಬಿಡುತ್ತದೆ, ಆಮೇಲೆ ಯುದ್ಧ. ಇನ್ನೊಂದು ಸಾಲು ಪಯಣದ ಕಾದಂಬರಿಗಳದ್ದು. ಅಲ್ಲಿ ಇಂಧನ, ಗಾಳಿ, ನೀರು ಎಲ್ಲಕ್ಕೂ ಲೆಕ್ಕ ಇರುತ್ತದೆ, ಆದರೆ ಯಾರೂ ಯಾರ ಮೇಲೂ ಬೀಳುವುದಿಲ್ಲ. ನನಗೆ ಎರಡೂ ಇಷ್ಟ. ಎರಡನ್ನೂ ಒಂದೇ ಪುಸ್ತಕದಲ್ಲಿ ಪ್ರಾಮಾಣಿಕವಾಗಿ ತರಬೇಕು ಅನ್ನುವ ಆಸೆ.

ನನ್ನವರು ಪ್ರಾಕ್ಸಿಮಾ ಸೆಂಟಾರಿ ಕಡೆಯಿಂದ ಬರುತ್ತಾರೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಅದೇ. 4.24 ಬೆಳಕಿನ ವರ್ಷ, ಅಂದರೆ ಸುಮಾರು 40 ಲಕ್ಷ ಕೋಟಿ ಕಿಲೋಮೀಟರ್. 1977ರಲ್ಲಿ ಹೊರಟ ವಾಯೇಜರ್ 1 ಈಗ ಸೆಕೆಂಡಿಗೆ 17 ಕಿ.ಮೀ. ಓಡುತ್ತಿದೆ. ಅದೇ ವೇಗದಲ್ಲಿ ಆ ದೂರ ದಾಟಲು ಸುಮಾರು 75,000 ವರ್ಷ ಬೇಕು. ಅದಕ್ಕೇ ನನ್ನ ನೌಕೆಗೆ ಬೆಳಕಿನ ವೇಗದ ಹತ್ತನೇ ಒಂದು ಪಾಲು ಕೊಟ್ಟಿದ್ದೇನೆ. ಸೆಕೆಂಡಿಗೆ 30,000 ಕಿ.ಮೀ. ಇದು ಒಪ್ಪುವಂತಿದೆಯಾ? ಒಪ್ಪುವಂತಿದ್ದರೆ, ಕಥೆಯಲ್ಲಿ ಏನೇನು ಬದಲಾಗುತ್ತದೆ?

ಹಳೇ ಓದುಗ

ಈ ಜಾತಿಯ ಕಥೆಗೆ ತಾಯಿಬೇರು 1898ರ 'ದಿ ವಾರ್ ಆಫ್ ದಿ ವರ್ಲ್ಡ್ಸ್'. ಅದರಲ್ಲಿ ಎಚ್.ಜಿ. ವೆಲ್ಸ್ ದಾರಿಯನ್ನು ಮರೆತಿರಲಿಲ್ಲ ಅನ್ನುವುದನ್ನು ಜನ ಮರೆತಿದ್ದಾರೆ. ಮಂಗಳ ಗ್ರಹ ಭೂಮಿಗೆ ಹತ್ತಿರ ಬಂದ ಕಾಲದಲ್ಲೇ ಅಲ್ಲಿಂದ ಸಿಲಿಂಡರುಗಳನ್ನು ಹಾರಿಸುತ್ತಾರೆ. ಒಂದೊಂದು ಸಿಲಿಂಡರ್ ಹಾರಿದಾಗಲೂ ಮಂಗಳದ ಮೇಲೆ ಬೆಂಕಿ ಹೊತ್ತಿಕೊಂಡಂತೆ ಮಿಂಚುತ್ತದೆ. ಇಲ್ಲಿನ ಖಗೋಳಿಗಳು ದೂರದರ್ಶಕದಲ್ಲಿ ಅದನ್ನು ನೋಡುತ್ತಾರೆ. ಹತ್ತು ರಾತ್ರಿ ನೋಡುತ್ತಾರೆ. ಯಾರಿಗೂ ಏನೂ ಅನ್ನಿಸುವುದಿಲ್ಲ.

ಇಡೀ ಪುಸ್ತಕದಲ್ಲಿ ನನಗೆ ಅತಿ ಭಯ ಹುಟ್ಟಿಸಿದ ಭಾಗ ಅದು. ಮೂರು ಕಾಲಿನ ಯಂತ್ರಗಳೂ ಅಲ್ಲ, ಸುಡುವ ಕಿರಣವೂ ಅಲ್ಲ. ಸುದ್ದಿ ಮೊದಲೇ ಬಂದಿತ್ತು, ಓದುವವರು ಇರಲಿಲ್ಲ.

ತಪ್ಪು ಇರುವುದು ಫಿರಂಗಿಯಲ್ಲಿ. ಮಂಗಳದಿಂದ ಬಿಡಿಸಿಕೊಂಡು ಹೊರಡಲು ಸೆಕೆಂಡಿಗೆ 5 ಕಿ.ಮೀ. ವೇಗ ಬೇಕು. ಫಿರಂಗಿಯ ನಳಿಗೆ 1 ಕಿ.ಮೀ. ಉದ್ದ ಇದೆ ಅಂದುಕೊಂಡರೂ ಒಳಗಿದ್ದವರ ಮೇಲೆ ನಮ್ಮ ಭೂಮಿಯ ಗುರುತ್ವದ 1,200 ಪಟ್ಟಿಗೂ ಜಾಸ್ತಿ ಒತ್ತಡ ಬೀಳುತ್ತದೆ. ಯಾವ ಜೀವಿಯೂ ಉಳಿಯುವುದಿಲ್ಲ. ರಾಕೆಟ್‌ನ ಲೆಕ್ಕವನ್ನು ರಷ್ಯಾದ ವಿಜ್ಞಾನಿ ಸಿಯೋಲ್ಕೋವ್‌ಸ್ಕಿ ಪ್ರಕಟಿಸಿದ್ದು 1903ರಲ್ಲಿ. ಅದಕ್ಕೆ ಮುಂಚಿನ ಪುಸ್ತಕ, ಹಾಗಾಗಿ ಮಾಫಿ. ನಿಮಗೆ ಆ ಮಾಫಿ ಇಲ್ಲ, ಮೂರನೇ ಅಧ್ಯಾಯದವರೇ.

ಪೆನ್ಸಿಲ್ ಲೆಕ್ಕ

ಮೊದಲು ಅವರು ಬರುವ ಕಾರಣ ಗಟ್ಟಿ ಮಾಡಿಕೊಳ್ಳಿ. ದಯವಿಟ್ಟು ನೀರಿಗಾಗಿ ಬರಿಸಬೇಡಿ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳಾ ಅನ್ನುತ್ತೇವೆ, ಆದರೆ ಈ ಊರಿನಲ್ಲಿ ನೀರು ಊರಾಚೆಯೇ ಸಿಗುತ್ತದೆ. ಗುರುವಿನ ಉಪಗ್ರಹ ಯೂರೋಪಾದ ಹಿಮದ ಕೆಳಗೆ ನಮ್ಮೆಲ್ಲ ಸಾಗರಗಳ ಸುಮಾರು ಎರಡರಷ್ಟು ನೀರಿದೆ ಅನ್ನುವುದು ಈಗಿನ ಅಂದಾಜು. ಧೂಮಕೇತುಗಳೆಂದರೆ ಮಂಜುಗಡ್ಡೆಯ ಗುಡ್ಡಗಳು. ಅದನ್ನೆಲ್ಲ ಬಿಟ್ಟು ಭೂಮಿಗೆ ಇಳಿದು, ನೀರು ತುಂಬಿಸಿಕೊಂಡು, ಸೆಕೆಂಡಿಗೆ 11.2 ಕಿ.ಮೀ. ವೇಗದಲ್ಲಿ ಮೇಲೆ ಏರುವುದು ಯಾಕೆ? ಲೋಹವೂ ಹಾಗೇ. ಕ್ಷುದ್ರಗ್ರಹಗಳಲ್ಲಿ ಬೇಕಾದಷ್ಟಿದೆ.

ನಮ್ಮನ್ನು ತಿನ್ನಲು ಬರುತ್ತಾರೆ ಅನ್ನುವುದಂತೂ ಬೇಡ. ಭೂಮಿಯ ಜೀವಿಗಳ ಪ್ರೋಟೀನ್‌ಗಳೆಲ್ಲ ಎಡಗೈ ಬಗೆಯ ಅಮೈನೋ ಆಮ್ಲಗಳಿಂದ ಆದವು (ಎಡಗೈ, ಬಲಗೈ ಒಂದಕ್ಕೊಂದು ಕನ್ನಡಿಯ ಬಿಂಬದಂತೆ ಇರುವ ಹಾಗೆ ಈ ಅಣುಗಳಿಗೂ ಎರಡು ರೂಪ). ಅವರದ್ದು ಬಲಗೈ ಬಗೆಯದ್ದಾಗಿದ್ದರೆ ನಮ್ಮ ಮಾಂಸ ಅವರಿಗೆ ಜೀರ್ಣವಾಗುವುದೇ ಕಷ್ಟ.

ಹಾಗಾದರೆ ಇಲ್ಲಿ ಮಾತ್ರ ಇರುವುದು ಏನು? ಗಾಳಿಯಲ್ಲಿ ಇಷ್ಟೊಂದು ಆಮ್ಲಜನಕ. ಸುಮಾರು 240 ಕೋಟಿ ವರ್ಷಗಳ ಹಿಂದೆ ಅದು ತುಂಬಿಕೊಳ್ಳಲು ಶುರುವಾಯಿತು. ಒಳ್ಳೆಯ ಉಪಕರಣ ಇದ್ದವರಿಗೆ ದೂರದಿಂದಲೇ ಗೊತ್ತಾಗುತ್ತದೆ, ಇಲ್ಲಿ ಜೀವ ಇದೆ ಅಂತ. ನಾವು ರೇಡಿಯೋ ಹಚ್ಚುವುದಕ್ಕೂ ಎಷ್ಟೋ ಮೊದಲೇ ಭೂಮಿ ತನ್ನ ಸುದ್ದಿ ಹೇಳಿಕೊಳ್ಳುತ್ತಿತ್ತು. ನಿಮ್ಮವರು ನಮಗಾಗಿ ಹೊರಟವರಲ್ಲ, ಈ ಗಾಳಿಗಾಗಿ ಹೊರಟವರು. ಇಲ್ಲಿ ಮನುಷ್ಯರಿದ್ದಾರೆ ಅನ್ನುವುದು ಅವರಿಗೆ ಅರ್ಧ ದಾರಿಯಲ್ಲಿ ಗೊತ್ತಾಗಲಿ. ಕಥೆಗೆ ಅದು ಜಾಸ್ತಿ ಒಳ್ಳೆಯದು ಅಲ್ವಾ?

ಮೂರನೇ ಅಧ್ಯಾಯ

ಅರ್ಧ ದಾರಿಯಲ್ಲಿ ಗೊತ್ತಾಗುವುದು! ಇದನ್ನು ಖಂಡಿತ ಇಟ್ಟುಕೊಳ್ಳುತ್ತೇನೆ. ಈಗ ನಿಲ್ಲಿಸುವ ವಿಷಯ ಹೇಳಿ.

ಪೆನ್ಸಿಲ್ ಲೆಕ್ಕ

ನಿಲ್ಲಿಸುವುದೇ ಕಷ್ಟದ ಕೆಲಸ. ಹೊರಡುವುದಕ್ಕಿಂತ ಕಷ್ಟ.

1970ರ ದಶಕದಲ್ಲಿ ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿಯವರು ಡೀಡಲಸ್ ಅನ್ನುವ ನೌಕೆಯ ಪೂರ್ತಿ ವಿನ್ಯಾಸ ಕಾಗದದ ಮೇಲೆ ಮಾಡಿದರು. ಪರಮಾಣು ಸಮ್ಮಿಲನದಿಂದ ಓಡುವ ಎಂಜಿನ್. ಬೆಳಕಿನ ವೇಗದ 12%. ಬರ್ನಾರ್ಡ್ ನಕ್ಷತ್ರಕ್ಕೆ ಸುಮಾರು 50 ವರ್ಷದ ಪಯಣ. ಇಂಧನವೇ 50,000 ಟನ್. ಅಷ್ಟೆಲ್ಲ ಆದಮೇಲೂ ಅದಕ್ಕೆ ಬ್ರೇಕ್ ಇರಲಿಲ್ಲ. ಅರ್ಧ ಶತಮಾನ ಕಾದು, ಗುರಿ ಮುಟ್ಟಿ, ನಿಲ್ಲದೆ ಹಾಗೇ ಹಾದುಹೋಗುವ ನೌಕೆ ಅದು.

ಯಾಕೆ ಅಂದರೆ ರಾಕೆಟ್‌ನ ಲೆಕ್ಕ ಕೂಡಿಸಿದಂತೆ ಬೆಳೆಯುವುದಿಲ್ಲ, ಗುಣಿಸಿದಂತೆ ಬೆಳೆಯುತ್ತದೆ. ನಿಮ್ಮ ಎಂಜಿನ್ ಕೂಡ ಡೀಡಲಸ್‌ನದ್ದರ ಹಾಗೆ ಸೆಕೆಂಡಿಗೆ 10,000 ಕಿ.ಮೀ. ವೇಗದಲ್ಲಿ ಜ್ವಾಲೆ ಉಗುಳುತ್ತದೆ ಅಂದುಕೊಳ್ಳಿ. 30,000 ಕಿ.ಮೀ. ವೇಗಕ್ಕೆ ಏರಲು ಖಾಲಿ ನೌಕೆಯ 20 ಪಟ್ಟು ತೂಕದೊಂದಿಗೆ ಹೊರಡಬೇಕು. ಅಲ್ಲಿಂದ ಮತ್ತೆ ಸೊನ್ನೆಗೆ ಇಳಿಯಬೇಕಾದರೆ 40 ಪಟ್ಟು ಅಲ್ಲ, 400 ಪಟ್ಟು. ಬ್ರೇಕ್‌ಗೆ ಬೇಕಾದ ಇಂಧನವನ್ನೂ ಮೊದಲು ಆ ವೇಗಕ್ಕೆ ಎಳೆದು ತರಬೇಕಲ್ಲ.

ಕಿಮ್ ಸ್ಟ್ಯಾನ್ಲಿ ರಾಬಿನ್‌ಸನ್ ಬರೆದ 'ಅರೋರಾ' ಓದಿದ್ದೀರಾ? 2015ರದ್ದು. ಅದರಲ್ಲಿ ದಾಳಿ ಇಲ್ಲ. ಆದರೆ ವಾಪಸ್ ಬರುವ ನೌಕೆಗೆ ಸಾಕಷ್ಟು ಬ್ರೇಕ್ ಸಿಗದೆ, ಸೂರ್ಯ ಮತ್ತು ಗ್ರಹಗಳ ಹತ್ತಿರ ಮತ್ತೆ ಮತ್ತೆ ಹಾದು ವೇಗ ಕಳೆದುಕೊಳ್ಳುವ ಭಾಗ ಇದೆ. ಒಂದು ಗುಂಡೂ ಹಾರದೆ ಉಸಿರು ಬಿಗಿಹಿಡಿಸುತ್ತದೆ. ನಿಲ್ಲಿಸುವುದೇ ಒಂದು ಕಥೆ ಆಗಬಲ್ಲದು ಅಂತ ನನಗೆ ತೋರಿಸಿಕೊಟ್ಟ ಪುಸ್ತಕ.

ಕಕ್ಷೆ

ಬ್ರೇಕ್ ಹಾಕದೆ ಇದ್ದರೆ?

ಬೆಳಕಿನ ವೇಗದ 10%ರಲ್ಲಿ ಬರುವ 1 ಕಿಲೋ ಕಲ್ಲು ಸುಮಾರು 107 ಕಿಲೋಟನ್ ಟಿಎನ್‌ಟಿಗೆ ಸಮ. ಹಿರೋಶಿಮಾದ ಬಾಂಬ್ 15 ಕಿಲೋಟನ್. ಅಂದರೆ ಒಂದು ಕಿಲೋ ಕಲ್ಲಿನಲ್ಲಿ ಏಳು ಹಿರೋಶಿಮಾ. ಇಡೀ ನೌಕೆ ಬಂದು ಬಡಿದರೆ ಯಾವ ಸೈನ್ಯವೂ ಬೇಡ, ಯಾವ ಕಿರಣವೂ ಬೇಡ.

ನನಗೆ ಇದರಿಂದ ಹೊಳೆಯುವುದು ಒಂದೇ. ನಮ್ಮನ್ನು ಅಳಿಸಿಹಾಕಬೇಕು ಅಂತಿದ್ದರೆ ಅವರು ಬ್ರೇಕ್ ಹಾಕುವ ಅಗತ್ಯವೇ ಇಲ್ಲ. ಬ್ರೇಕ್ ಹಾಕಿದರು ಅಂದರೆ ಅದೇ ಅವರ ಮೊದಲ ಮಾತು.

ಹಳೇ ಓದುಗ

ಮಾತು ಹೌದು, ಆದರೆ ಸ್ನೇಹದ ಮಾತು ಅಂತ ಓದಬೇಡಿ. ಮನೆ ಬೇಕಾದವನು ಮನೆಗೆ ಬೆಂಕಿ ಇಡುವುದಿಲ್ಲ. ಗಾಳಿ ಬೇಕು, ಕಾಡು ಬೇಕು, ಸಮುದ್ರ ಬೇಕು ಅನ್ನುವವರು ನಿಧಾನಕ್ಕೇ ಬರುತ್ತಾರೆ, ಒಳಗಿರುವವರನ್ನು ಮಾತ್ರ ತೆಗೆಯಲು.

ಲ್ಯಾರಿ ನಿವೆನ್ ಮತ್ತು ಜೆರ್ರಿ ಪೌರ್ನೆಲ್ 1985ರ 'ಫುಟ್‌ಫಾಲ್'ನಲ್ಲಿ ಹೀಗೇ ಮಾಡಿದ್ದಾರೆ. ಬಂದವರು ವಾಸಕ್ಕೆ ಬಂದವರು. ಮೊದಲು ಶರಣಾಗಿಸಲು ನೋಡುತ್ತಾರೆ. ಆಗದಾಗ ಕ್ಷುದ್ರಗ್ರಹವೊಂದನ್ನು ಹಿಂದೂ ಮಹಾಸಾಗರಕ್ಕೆ ಕೆಡವುತ್ತಾರೆ. ಮನುಷ್ಯರು ಗುಟ್ಟಾಗಿ ಒಂದು ನೌಕೆ ಕಟ್ಟುತ್ತಾರೆ. ಹಿಂದೆ ಪರಮಾಣು ಬಾಂಬ್ ಸಿಡಿಸಿ ಅದರ ತಳ್ಳಿನಿಂದ ಮೇಲೇರುವ ನೌಕೆ. ಕಟ್ಟುಕಥೆ ಅನ್ನಿಸುತ್ತದೆ, ಆದರೆ ಒರಾಯನ್ ಅನ್ನುವ ಹೆಸರಿನಲ್ಲಿ 1958ರಿಂದ ಕೆಲವು ವರ್ಷ ಭೌತವಿಜ್ಞಾನಿ ಫ್ರೀಮನ್ ಡೈಸನ್ ಮುಂತಾದವರು ನಿಜವಾಗಿ ಅದರ ಮೇಲೆ ಕೆಲಸ ಮಾಡಿದ್ದರು. 1963ರ ಪರಮಾಣು ಪರೀಕ್ಷಾ ನಿಷೇಧ ಒಪ್ಪಂದ ಬಂದ ಮೇಲೆ ಅದಕ್ಕೆ ದಾರಿ ಮುಚ್ಚಿತು. ದಾಳಿ ಮತ್ತು ಲೆಕ್ಕ ಎರಡೂ ಒಂದೇ ಪುಸ್ತಕದಲ್ಲಿ ಬೇಕು ಅಂದಿರಲ್ಲ, ಅದಕ್ಕೇ ಇದರ ಹೆಸರು ಹೇಳಿದೆ.

ನಿಧಾನಕ್ಕೆ ಓದುವವಳು

ಇಲ್ಲಿಯವರೆಗೆ ಎಲ್ಲರೂ ನೌಕೆಯನ್ನು ಹೊರಗಿನಿಂದ ನೋಡುತ್ತಿದ್ದೀರಿ. ನಾನು ಸ್ವಲ್ಪ ಒಳಗೆ ಹೋಗುತ್ತೇನೆ.

ನಿಧಾನವಾಗಿ ವೇಗ ಏರಿಸುವುದಕ್ಕೆ, ಇಳಿಸುವುದಕ್ಕೆ ಹಿಡಿಯುವ ಕಾಲವನ್ನೂ ಸೇರಿಸಿದರೆ ಪಯಣ 50 ವರ್ಷ ದಾಟುತ್ತದೆ. ಹೊರಟವರಲ್ಲಿ ಎಷ್ಟೋ ಜನ ತಲುಪುವುದಿಲ್ಲ. ತಲುಪುವವರಲ್ಲಿ ಎಷ್ಟೋ ಜನ ದಾರಿಯಲ್ಲೇ ಹುಟ್ಟಿದವರು. ಬೆಳಕಿನ ವೇಗಕ್ಕೆ ಹತ್ತಿರ ಹೋದರೆ ಒಳಗಿನ ಗಡಿಯಾರ ನಿಧಾನ ಆಗುತ್ತದಲ್ಲ, ಅದು ಇವರ ಸಹಾಯಕ್ಕೆ ಬರುವುದಿಲ್ಲ. 10%ರಲ್ಲಿ ಇಡೀ ಪಯಣಕ್ಕೆ ಉಳಿತಾಯ ಆಗುವುದು ಎರಡೂವರೆ ತಿಂಗಳ ಆಸುಪಾಸು ಅಷ್ಟೇ.

ಅಷ್ಟು ವರ್ಷ ತೂಕವಿಲ್ಲದೆ ತೇಲಿದರೆ ಮೈ ಉಳಿಯುವುದಿಲ್ಲ. ನಮ್ಮವರದ್ದೇ ನೋಡಿ, ಭಾರ ಹೊರುವ ಎಲುಬುಗಳು ತಿಂಗಳಿಗೆ 1%ಕ್ಕಿಂತ ಜಾಸ್ತಿ ಸವೆಯುತ್ತವೆ. ಆದ್ದರಿಂದ ನೌಕೆಯ ಒಂದು ಭಾಗ ಚಕ್ರದಂತೆ ಸುತ್ತಬೇಕು. ತಲೆ ಸುತ್ತದ ಹಾಗೆ ನಿಮಿಷಕ್ಕೆ ಎರಡೇ ಸುತ್ತು ಇಟ್ಟುಕೊಂಡರೆ, ಭೂಮಿಯಷ್ಟೇ ತೂಕ ಸಿಗಲು ಚಕ್ರದ ಅಂಚು ನಡುವಿನಿಂದ 224 ಮೀಟರ್ ದೂರ ಇರಬೇಕು. ಅವರಿಗೂ ಭೂಮಿಯಷ್ಟೇ ಗುರುತ್ವ ಒಗ್ಗುತ್ತದೆ ಅಂತ ಇಟ್ಟುಕೊಂಡಿದ್ದೇನೆ. ಈ ಗಾಳಿಗೆ ಬರುವವರಲ್ವಾ.

ಈಗ ಬ್ರೇಕ್ ದಿನ. ಹಗುರವಾಗಿ ಬ್ರೇಕ್ ಹಾಕಿದರೆ, ಭೂಮಿಯ ಗುರುತ್ವದ ನೂರನೇ ಒಂದು ಪಾಲು ಅಂದುಕೊಳ್ಳಿ, ಒಳಗೆ ದೊಡ್ಡ ಸದ್ದೇನೂ ಆಗುವುದಿಲ್ಲ. ಲೋಟದಲ್ಲಿರುವ ನೀರಿನ ಮಟ್ಟ ಅರ್ಧ ಡಿಗ್ರಿಯಷ್ಟು ವಾಲುತ್ತದೆ. ಅಷ್ಟೇ. ದಾರಿಯಲ್ಲೇ ಹುಟ್ಟಿದ ಮಗುವೊಂದು ನೆಲದ ಮೇಲೆ ಗೋಲಿ ಇಡುತ್ತದೆ. ಹುಟ್ಟಿದಾಗಿನಿಂದ ಇಟ್ಟಲ್ಲೇ ಇರುತ್ತಿದ್ದ ಗೋಲಿ ಇವತ್ತು ತಾನಾಗಿ ನಿಧಾನಕ್ಕೆ ಉರುಳುತ್ತದೆ. ಚಕ್ರದ ನಡುವಿನಲ್ಲಿ, ಇಷ್ಟು ವರ್ಷ ಎಲ್ಲವೂ ತೇಲುತ್ತಿದ್ದ ಜಾಗದಲ್ಲಿ, ಕೈಬಿಟ್ಟ ಚಮಚ ಒಂದು ಮೀಟರ್ ಬೀಳಲು ನಾಲ್ಕೂವರೆ ಸೆಕೆಂಡ್ ತೆಗೆದುಕೊಳ್ಳುತ್ತದೆ. ಹಿರಿಯರು ಅಳುತ್ತಾರೆ. ಬಂದೆವು ಅಂತ.

ಲಗ್ಗೆ ಇಡುವವರನ್ನು ಒಂದು ಸಲ ಹೀಗೆ ನೋಡಿಬಿಟ್ಟರೆ, ಆಮೇಲೆ ಅವರು ಬರೀ ರಾಕ್ಷಸರಾಗಿ ಉಳಿಯುವುದಿಲ್ಲ.

ಮೂರನೇ ಅಧ್ಯಾಯ

ಆ ಗೋಲಿ ನನ್ನ ಕಣ್ಣ ಮುಂದೆಯೇ ಉರುಳುತ್ತಿದೆ. ಒಂದು ಸಣ್ಣ ಪ್ರಶ್ನೆ. ಬ್ರೇಕ್ ಹಾಕುವುದಕ್ಕೆ ಮುಂಚೆ ನೌಕೆ ತನ್ನ ಬೆನ್ನನ್ನು ಮುಂದಕ್ಕೆ ಮಾಡಿಕೊಳ್ಳುತ್ತದಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನಬೇಕು? 'ದಿಕ್ಕು ಪರಿವರ್ತನೆ' ಅಂತ ಬರೆದು ನೋಡಿದೆ. ಜೀವವೇ ಇಲ್ಲ.

ಕಕ್ಷೆ

ಪಲ್ಟಿ. ಇನ್ನೇನೂ ಬೇಡ. "ನೌಕೆ ಪಲ್ಟಿ ಹೊಡೆಯಿತು" ಅಂದರೆ ಎಂಟು ವರ್ಷದವರಿಗೂ ಅರ್ಥ ಆಗುತ್ತದೆ.

ಪಲ್ಟಿ ಹೊಡೆದ ಮೇಲೆ ಜ್ವಾಲೆ ಯಾವ ಕಡೆ ಇರುತ್ತದೆ ಗಮನಿಸಿ. ನಮ್ಮ ಕಡೆ! 'ನಿಧಾನಕ್ಕೆ ಓದುವವಳು' ಹೇಳಿದ ಹಾಗೆ ಗುರುತ್ವದ ನೂರನೇ ಒಂದು ಪಾಲಿನ ಬ್ರೇಕ್ ಅಂದರೆ, ಸೆಕೆಂಡಿಗೆ 30,000 ಕಿ.ಮೀ. ವೇಗ ಇಳಿಯಲು ಸುಮಾರು ಒಂಬತ್ತೂವರೆ ವರ್ಷ ಬೇಕು. ಸುಮಾರು ಅರ್ಧ ಬೆಳಕಿನ ವರ್ಷದ ದೂರದಲ್ಲೇ ಶುರು ಮಾಡಬೇಕು. ಒಂಬತ್ತೂವರೆ ವರ್ಷ ಅವರ ಎಂಜಿನ್ ನೇರವಾಗಿ ನಮ್ಮ ಮುಖಕ್ಕೆ ಉರಿಯುತ್ತದೆ. "ಬೆಳಗ್ಗೆ ಎದ್ದು ನೋಡಿದರೆ" ಅನ್ನುವ ನಿಮ್ಮ ವಾಕ್ಯ ಇಲ್ಲಿಗೆ ಹೋಯಿತು. ಗುಟ್ಟಾಗಿ ಬರುವ ದಾರಿಯೇ ಇಲ್ಲ.

ಮೂರನೇ ಅಧ್ಯಾಯ

ಹಾಗಾದರೆ ಪ್ರತಿ ರಾತ್ರಿ ಆಕಾಶದಲ್ಲಿ ಹೊಸ ನಕ್ಷತ್ರವೊಂದು ಕಾಣುತ್ತದೆ. ಒಂಬತ್ತು ವರ್ಷ. ಇಡೀ ಜಗತ್ತು ತಲೆ ಎತ್ತಿ ನೋಡುತ್ತಾ ಬದುಕುತ್ತದೆ. ಮಕ್ಕಳು ಅದರ ಕೆಳಗೇ ದೊಡ್ಡವರಾಗುತ್ತಾರೆ. ನನ್ನ ಕಾದಂಬರಿ ಸಿಕ್ಕಿತು!

ದೂರದರ್ಶಕ

ನಿಮ್ಮ ಖುಷಿಗೆ ಅಡ್ಡ ಬರಲು ಮನಸ್ಸಿಲ್ಲ. ಆದರೂ ಲೆಕ್ಕ ಹಾಕಿ ನೋಡಿದೆ, ಹೇಳದೆ ಇರಲು ಆಗುತ್ತಿಲ್ಲ.

ನೌಕೆ 10 ಲಕ್ಷ ಟನ್ ಇದೆ ಅಂದುಕೊಂಡೆ. ತೂಕ ಕಡಿಮೆಯಾಗುತ್ತಾ ಹೋಗುವುದನ್ನು ಸದ್ಯಕ್ಕೆ ಬಿಟ್ಟೆ. ಅಂಥ ಎಂಜಿನ್‌ನ ಶಕ್ತಿ ಸುಮಾರು 500 ಲಕ್ಷ ಕೋಟಿ ವ್ಯಾಟ್. ಇಡೀ ಮನುಕುಲ ಈಗ ಬಳಸುವುದರ 25 ಪಟ್ಟು. ಅದೆಲ್ಲ ಕಣ್ಣಿಗೆ ಕಾಣುವ ಬೆಳಕೇ ಆಗಿ ಎಲ್ಲ ದಿಕ್ಕಿಗೂ ಹರಡುತ್ತದೆ ಅಂತಲೂ ಉದಾರವಾಗಿ ಒಪ್ಪಿಕೊಂಡೆ. ಆದರೂ ಅರ್ಧ ಬೆಳಕಿನ ವರ್ಷದಿಂದ ನೋಡಿದರೆ ಅದು 25ನೇ ಕಾಂತಿಮಾನದ ಚುಕ್ಕೆ (ಈ ಅಳತೆಯಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಮಸುಕು). ಬರಿಗಣ್ಣಿಗೆ ಕಾಣುವುದು 6ರವರೆಗೆ. ಇದು ಅದಕ್ಕಿಂತ ಕೋಟಿಗಟ್ಟಲೆ ಪಟ್ಟು ಮಸುಕು. ದೊಡ್ಡ ದೂರದರ್ಶಕಗಳಿಗೆ ಮಾತ್ರ, ಅದೂ ಬಹಳ ಹೊತ್ತು ಒಂದೇ ಕಡೆ ನೋಡಿದರೆ, ಸಿಕ್ಕೀತು.

ಬರಿಗಣ್ಣಿಗೆ ಕಾಣಬೇಕಾದರೆ ಅದು ಸೂರ್ಯ ಮತ್ತು ಭೂಮಿಯ ನಡುವಿನ ದೂರದ 4 ಪಟ್ಟಿನ ಒಳಗೆ, ಅಂದರೆ ಗುರು ಗ್ರಹದ ಕಕ್ಷೆಗಿಂತಲೂ ಈಚೆ ಬರಬೇಕು. ಆಗ ಉಳಿದಿರುವುದು ಸುಮಾರು 40 ದಿನ.

ಮೂರನೇ ಅಧ್ಯಾಯ

40 ದಿನ.

ಒಂದು ಗಂಟೆ ಸುಮ್ಮನೆ ಕೂತಿದ್ದೆ. ಆಮೇಲೆ ಅನ್ನಿಸಿತು, ಇದು ಇನ್ನೂ ಚೆನ್ನಾಗಿದೆ. ಒಂಬತ್ತು ವರ್ಷ ಗೊತ್ತಿರುವುದು ಕೆಲವೇ ಜನರಿಗೆ. ಎಲ್ಲರಿಗೂ ಕಾಣುವುದು ಕೊನೆಯ 40 ದಿನ. ನಡುವೆ ಇರುವ ವರ್ಷಗಳಲ್ಲಿ ಯಾರು ಯಾರನ್ನು ನಂಬುತ್ತಾರೆ?

ಆದರೆ ಆ ಕೆಲವರಿಗೆ ಅದು ನೌಕೆ ಅಂತ ಗೊತ್ತಾಗುವುದು ಹೇಗೆ? ಮಸುಕು ಚುಕ್ಕೆಗಳು ಲೆಕ್ಕವಿಲ್ಲದಷ್ಟು ಇರುತ್ತವೆ.

ದೂರದರ್ಶಕ

ಎರಡು ರೀತಿಯಲ್ಲಿ.

ಒಂದು, ಅದು ತೂಗುತ್ತದೆ. ಭೂಮಿ ಸೂರ್ಯನ ಸುತ್ತ ಹೋಗುವುದರಿಂದ ಹತ್ತಿರದ ನಕ್ಷತ್ರಗಳು ದೂರದವುಗಳ ಎದುರು ವರ್ಷಕ್ಕೊಮ್ಮೆ ಆಚೀಚೆ ತೂಗಿದಂತೆ ಕಾಣುತ್ತವೆ. ಪ್ರಾಕ್ಸಿಮಾ ಎಲ್ಲ ನಕ್ಷತ್ರಗಳಿಗಿಂತ ಜಾಸ್ತಿ ತೂಗುತ್ತದೆ. ನಿಮ್ಮ ಚುಕ್ಕೆ ಪ್ರಾಕ್ಸಿಮಾಗಿಂತ ಸುಮಾರು 9 ಪಟ್ಟು ತೂಗುತ್ತದೆ. ಆರು ತಿಂಗಳು ಬಿಟ್ಟು ತೆಗೆದ ಎರಡು ಚಿತ್ರ ಸಾಕು, ಇದು ನಕ್ಷತ್ರ ಅಲ್ಲ ಅಂತ ತಿಳಿಯಲು. ಪ್ರಾಕ್ಸಿಮಾದ ಸುತ್ತ ಒಂದು ಗ್ರಹ ಇದೆ ಅಂತ 2016ರಲ್ಲಿ ಗೊತ್ತಾದ ಮೇಲೆ ಆ ಕಡೆ ನೋಡುವವರು ಜಾಸ್ತಿಯೇ ಇದ್ದಾರೆ.

ಎರಡನೆಯದು ನನಗೆ ತುಂಬ ಇಷ್ಟ. ಜ್ವಾಲೆಯ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡುವುದು. ಹೈಡ್ರೋಜನ್‌ಗೆ 656 ನ್ಯಾನೋಮೀಟರ್ ಅಲೆಯುದ್ದದಲ್ಲಿ (ಬೆಳಕಿನ ಬಣ್ಣ ಗುರುತಿಸುವ ಅಳತೆ ಅದು) ಒಂದು ಕೆಂಪು ಗೆರೆ ಇದೆ. ಓದಿದವರೆಲ್ಲ ನೋಡಿದ ಗೆರೆ ಅದು. ನಮ್ಮ ಕಡೆ ಧಾವಿಸಿ ಬರುವ ವಸ್ತುವಿನ ಗೆರೆ ನೀಲಿಯ ಕಡೆ ಸರಿಯುತ್ತದೆ. ಇಲ್ಲಿ ನೌಕೆಯ ವೇಗದ ಜೊತೆ ಜ್ವಾಲೆಯ ವೇಗವೂ ನಮ್ಮ ಕಡೆಗೇ ಸೇರಿಕೊಳ್ಳುತ್ತದೆ. ಎರಡೂ ಕೂಡಿ ಆ ಗೆರೆ 574ಕ್ಕೆ ಬಂದು ಕೂರುತ್ತದೆ. ಹಳದಿ! ಕೆಂಪು ಇರಬೇಕಾದ ಗೆರೆ ಹಳದಿಯಲ್ಲಿ. ನಿಜವಾಗಿ ನೋಡಿದರೆ ಗೆರೆ ತೆಳ್ಳಗಿರುವುದಿಲ್ಲ, ಅಗಲವಾಗಿ ಹರಡಿರುತ್ತದೆ, ಅದರ ನಡುವನ್ನು ಅಳೆಯಬೇಕು.

ನೌಕೆ ನಿಧಾನವಾದಂತೆ ಗೆರೆ ಕೆಂಪಿನ ಕಡೆ ಮರಳುತ್ತದೆ. ತಿಂಗಳಿಗೆ ಸುಮಾರು ಅರ್ಧ ನ್ಯಾನೋಮೀಟರ್. ಪ್ರತಿ ತಿಂಗಳೂ ಅಷ್ಟೇ. ಪ್ರಕೃತಿಯಲ್ಲಿ ಯಾವ ವಸ್ತುವೂ ಹಾಗೆ ಒಂದೇ ಹದದಲ್ಲಿ ವರ್ಷಗಟ್ಟಲೆ ನಿಧಾನ ಆಗುವುದಿಲ್ಲ. ಯಾರೋ ಬ್ರೇಕ್ ತುಳಿದಿದ್ದಾರೆ ಅಂತ ಆಗ ಗೊತ್ತಾಗುತ್ತದೆ.

ಹಳೇ ಓದುಗ

ಅದಕ್ಕೂ ಮೊದಲು ನಿಮ್ಮ ಪಾತ್ರಗಳು ಇದನ್ನು ಕಲ್ಲು ಅಂತ ಅಂದುಕೊಂಡರೂ ತಪ್ಪಿಲ್ಲ. 2017ರ ಅಕ್ಟೋಬರ್‌ನಲ್ಲಿ ಔಮುವಾಮುವಾ ಸಿಕ್ಕಾಗ, ಸೌರಮಂಡಲದ ಆಚೆಯಿಂದ ಬಂದ ವಸ್ತುವೊಂದನ್ನು ನಾವು ಮೊದಲ ಸಲ ನೋಡಿದೆವು. ಆರ್ಥರ್ ಕ್ಲಾರ್ಕ್‌ನ 1973ರ ಕಾದಂಬರಿಯಲ್ಲಿ ಸೌರಮಂಡಲದ ಒಳಗೆ ಹಾದುಹೋಗುವ ಸಿಲಿಂಡರ್ ಆಕಾರದ ನೌಕೆ ಇದೆಯಲ್ಲ, ಅದರ ಹೆಸರನ್ನೇ ಇದಕ್ಕೂ ಇಡೋಣ ಅಂತ ಮೊದಲು ಯೋಚಿಸಿದ್ದರು. ರಾಮ. ಆ ಕಾದಂಬರಿಯಲ್ಲಿ ನೌಕೆ ನಮ್ಮನ್ನು ತಿರುಗಿಯೂ ನೋಡದೆ ಹೋಗುತ್ತದೆ. ಔಮುವಾಮುವಾ ಕೂಡ ಹೋಯಿತು. ನಿಮ್ಮದು ಹೋಗುವುದಿಲ್ಲ.

ಕಕ್ಷೆ

ಈಗ ನಮ್ಮ ಕಡೆಯ ಲೆಕ್ಕ. ಇದನ್ನು ಬರೆಯದೆ ಬಿಟ್ಟರೆ ನನಗೆ ಇವತ್ತು ನಿದ್ದೆ ಬರುವುದಿಲ್ಲ.

ಆ ವೇಗ ಅವರ ಶಕ್ತಿ, ಅದೇ ಅವರ ದೌರ್ಬಲ್ಯ. ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ಓಡುವವನ ದಾರಿಗೆ ಯಾರಾದರೂ ಒಂದು ಹಿಡಿ ಮರಳು ಎರಚಿದರೆ ಸಾಕು. ಹಾಗಾದರೆ ಮರಳು ಎಷ್ಟು ದೂರ ಒಯ್ಯಬಲ್ಲೆವು? ನ್ಯೂ ಹೊರೈಜನ್ಸ್ ನೌಕೆ 2006ರ ಜನವರಿಯಲ್ಲಿ ಹೊರಟು 2015ರ ಜುಲೈನಲ್ಲಿ ಪ್ಲೂಟೋ ಮುಟ್ಟಿತು. ಒಂಬತ್ತೂವರೆ ವರ್ಷ. ಅವರ ಬ್ರೇಕ್‌ನಷ್ಟೇ ಕಾಲ! ಈ ಎರಡು ಸಂಖ್ಯೆ ಹೊಂದಿಕೊಂಡಿದ್ದನ್ನು ನೋಡಿ ನಾನು ಕುರ್ಚಿಯಿಂದ ಎದ್ದುನಿಂತೆ.

ನೆಪ್ಚೂನ್‌ನ ಕಕ್ಷೆಯಷ್ಟು ದೂರದಲ್ಲಿ ಅವರು ಇನ್ನೂ ಸೆಕೆಂಡಿಗೆ 900 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿರುತ್ತಾರೆ. ಅಲ್ಲಿ ಎದುರು ಸಿಕ್ಕ 1 ಕಿಲೋ ಜಲ್ಲಿಯ ಹೊಡೆತ 100 ಟನ್ ಟಿಎನ್‌ಟಿ ಸಿಡಿದಷ್ಟು. ಅಲ್ಲಿಂದ ಭೂಮಿಗೆ ಅವರಿಗೆ ಇನ್ನು ಮೂರೂವರೆ ತಿಂಗಳ ದಾರಿ. ನಾವು ಅಲ್ಲಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕಾದರೆ ಚುಕ್ಕೆ ಕಂಡ ತಕ್ಷಣ ಹೊರಡಬೇಕು. ಮೊದಲ ವರ್ಷದಲ್ಲೇ. ಆಮೇಲೆ ಹೊರಟರೆ ಅವರೇ ನಮಗಿಂತ ಮೊದಲು ಅಲ್ಲಿರುತ್ತಾರೆ, ನಿಧಾನವಾಗಿ, ಯಾವ ಮರಳೂ ಏನೂ ಮಾಡದಷ್ಟು ನಿಧಾನವಾಗಿ.

ಪೆನ್ಸಿಲ್ ಲೆಕ್ಕ

ಜ್ವಾಲೆ ಮುಂದಕ್ಕೇ ಇರುವುದರಿಂದ ಎದುರು ಬಂದ ಮರಳನ್ನು ಅದೇ ಆವಿ ಮಾಡಬಹುದು. ಕಾದಂಬರಿಯಲ್ಲಿ ಯಾರಾದರೊಬ್ಬರು ಈ ಮಾತು ಎತ್ತಲಿ. ಕೆಲಸ ಆಗುತ್ತದೆ ಅನ್ನುವ ಖಾತರಿ ಇಲ್ಲದೆ ನಿರ್ಧಾರ ಮಾಡಬೇಕು.

ನಿಧಾನಕ್ಕೆ ಓದುವವಳು

ನನಗೆ ಮರಳಿಗಿಂತ ಆ ಮೊದಲ ವರ್ಷದ ಯೋಚನೆಯೇ ಜಾಸ್ತಿ ಆಗಿದೆ. ಚುಕ್ಕೆ ಅರ್ಧ ಬೆಳಕಿನ ವರ್ಷ ಹತ್ತಿರದಲ್ಲಿದೆ. ನಾವು "ಯಾರು ನೀವು?" ಅಂತ ಕೇಳಿದರೆ ಪ್ರಶ್ನೆ ಮುಟ್ಟಲು ತಿಂಗಳುಗಳು, ಉತ್ತರ ಬರಲು ಮತ್ತೆ ತಿಂಗಳುಗಳು. ಅವರು ಉತ್ತರ ಕೊಡುತ್ತಾರೆ, ಅದು ನಮಗೆ ಅರ್ಥ ಆಗುತ್ತದೆ ಅಂತಲೇ ಇಟ್ಟುಕೊಳ್ಳೋಣ. ಆ ಉತ್ತರ ಬರುವಷ್ಟರಲ್ಲಿ ಮರಳಿನ ನೌಕೆ ಹೊರಟಿರಲೇಬೇಕು.

ಬ್ರೇಕ್ ಹಾಕಿ ಬರುತ್ತಿರುವವರು. ಒಳಗೆ ಗೋಲಿ ಆಡುವ ಮಕ್ಕಳಿದ್ದಾರೆ. ನಮಗೆ ಅದು ಗೊತ್ತಿಲ್ಲ. ಓದುಗರಿಗೆ ಮಾತ್ರ ಗೊತ್ತು.

ಹಳೇ ಓದುಗ

ಲಿಯು ಸಿಶಿನ್‌ನ 'ದಿ ಥ್ರೀ-ಬಾಡಿ ಪ್ರಾಬ್ಲಮ್'ನಲ್ಲಿ ಶತ್ರುಗಳು ಬರಲು ಸುಮಾರು 400 ವರ್ಷ ಇರುತ್ತದೆ. ಅಷ್ಟು ಕಾಲ ಕೊಟ್ಟು ಮನುಷ್ಯರು ಏನಾಗುತ್ತಾರೆ ಅಂತ ಅವನು ನೋಡುತ್ತಾನೆ. 400 ವರ್ಷ ಅಂದರೆ ಮೊಮ್ಮಕ್ಕಳ ಮೊಮ್ಮಕ್ಕಳ ಚಿಂತೆ. ಒಂಬತ್ತು ವರ್ಷ ಹಾಗಲ್ಲ. ಇವತ್ತು ಸಹಿ ಹಾಕಿದವನೇ ಅದರ ಫಲವನ್ನೂ ನೋಡುತ್ತಾನೆ. ನಿಮ್ಮ ದೂರ ನಿಮಗೆ ಒಳ್ಳೆಯ ಅಳತೆ ಕೊಟ್ಟಿದೆ. ಬದಲಾಯಿಸಬೇಡಿ.

ಮೂರನೇ ಅಧ್ಯಾಯ

ಎಲ್ಲರಿಗೂ ಕೈ ಮುಗಿಯುತ್ತೇನೆ. ರಾತ್ರಿ ಕೂತು ಹಳೇ ಮೂರನೇ ಅಧ್ಯಾಯ ಹರಿದುಹಾಕಿದೆ. ಹೊಸದು ಹೀಗೆ ಶುರುವಾಗುತ್ತದೆ:

"ಅವಳು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟಳು. ಕಳೆದ ತಿಂಗಳ ಹಾಳೆಯಲ್ಲಿ 574.2. ಈ ತಿಂಗಳದ್ದರಲ್ಲಿ 574.7. ಉಪಕರಣ ಕೆಟ್ಟಿದೆ ಅಂದುಕೊಂಡು ಪಕ್ಕದ ಮೂರು ನಕ್ಷತ್ರಗಳನ್ನು ಅಳೆದಳು. ಮೂರೂ ಇರಬೇಕಾದಲ್ಲೇ ಇದ್ದವು. ಮತ್ತೆ ಚುಕ್ಕೆಗೆ ತಿರುಗಿಸಿದಳು. 574.7. ಗುಮ್ಮಟದ ಬಾಗಿಲಿನಿಂದ ತಣ್ಣನೆ ಗಾಳಿ ಬರುತ್ತಿತ್ತು. ಮುಂದಿನ ತಿಂಗಳು 575.2 ಬಂದರೆ ಯಾರಿಗೆ ಫೋನ್ ಮಾಡಬೇಕು ಅಂತ ಯೋಚಿಸಿದಳು. ಆಮೇಲೆ, ಮುಂದಿನ ತಿಂಗಳವರೆಗೆ ಕಾಯಬಹುದಾ ಅಂತ ಯೋಚಿಸಿದಳು."

ಆ ಗೋಲಿಯ ದೃಶ್ಯಕ್ಕೆ ನಾಲ್ಕನೇ ಅಧ್ಯಾಯ ಇಟ್ಟಿದ್ದೇನೆ. ಮರಳಿನ ನೌಕೆ ಹೊರಡಬೇಕೋ ಬೇಡವೋ ಅನ್ನುವುದು ಐದನೆಯದು. ಅದರ ಮೊದಲ ಸಾಲು ಇನ್ನೂ ಬಂದಿಲ್ಲ.